ಬಳ್ಳ ಯಾರ ಕೈಯಲ್ಲಿದೆ?

ಎಲ್ಲರಿಗೂ ನಮಸ್ಕಾರ. ಊಟದ ಮುಂಚಿನ ಮಾತು ನನ್ನದು. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಸರ್ವರ್ ನೋಡಿಕೊಳ್ಳುವವರು. ಪ್ರೊಸೆಸರ್ ಕೆಲಸ ಅಳೆಯುವ ಲಿನಕ್ಸ್ ಟೂಲ್ ಪರ್ಫ್ ಸ್ಟಾಟ್ ಓಡಿಸಿದವರು. ಪ್ರೊಸೆಸರ್ ಒಳಗೆ ಎಣಿಸುವ ರಿಜಿಸ್ಟರ್‌ಗಳಿವೆ, ಅವೇ ಕೌಂಟರ್‌ಗಳು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೇಳಲು ಬಂದಿರುವುದು ಒಂದೇ ಮಾತು. ಕೌಂಟರ್ ತೋರಿಸಿದ ಸಂಖ್ಯೆಗೆ ಅರ್ಥ ಹುಡುಕುವ ಮುಂಚೆ, ಆ ಕೌಂಟರ್ ಯಾರ ಕೈಯಲ್ಲಿದೆ ಅಂತ ನೋಡಿ.

ನಮ್ಮ ಊರಲ್ಲಿ ಸುಗ್ಗಿ ಮುಗಿದ ಮೇಲೆ ಕಣದಲ್ಲಿ ರಾಗಿ ಅಳೆಯುತ್ತಿದ್ದರು. ಅಳೆಯುವವನು ಒಬ್ಬನೇ. ಮೊದಲ ಬಳ್ಳಕ್ಕೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಆಮೇಲೆ ಎರಡು, ಮೂರು. ಮಕ್ಕಳು ನಡುವೆ ಮಾತಾಡಿಸಿದರೆ ಅಜ್ಜ ಗದರುತ್ತಿದ್ದರು. ಎಣಿಕೆ ತಪ್ಪಿದರೆ ರಾಶಿಯೆಲ್ಲ ಮತ್ತೆ ಲಾಭದಿಂದ ಶುರು, ಅಲ್ವಾ? ಇನ್ನೊಬ್ಬರು ಬಳ್ಳಕ್ಕೆ ಕೈ ಹಾಕುವುದಂತೂ ಇರಲೇ ಇಲ್ಲ.

ಪ್ರೊಸೆಸರ್ ಒಳಗೆ ಈ ಕಟ್ಟುಪಾಡು ಇಲ್ಲ. ಅಲ್ಲಿ ಬಳ್ಳಗಳೂ ಕಡಿಮೆ. ಇಂಟೆಲ್‌ನ ಸ್ಯಾಂಡಿ ಬ್ರಿಜ್‌ನಿಂದ ಕ್ಯಾಸ್ಕೇಡ್ ಲೇಕ್‌ವರೆಗಿನ ಝಿಯಾನ್ ಸರ್ವರ್ ಪ್ರೊಸೆಸರ್‌ಗಳಲ್ಲಿ ಒಂದು ಹೈಪರ್‌ಥ್ರೆಡ್‌ಗೆ (ಒಂದೇ ಕೋರ್ ಎರಡರಂತೆ ಕೆಲಸ ಮಾಡುವಾಗ ಅದರಲ್ಲೊಂದಕ್ಕೆ) ನಮಗೆ ಬೇಕಾದ್ದನ್ನು ಎಣಿಸಲು ಸಿಗುವುದು 4 ಕೌಂಟರ್. ಹೈಪರ್‌ಥ್ರೆಡಿಂಗ್ ಆಫ್ ಮಾಡಿದರೆ 8. ಜೊತೆಗೆ ಕೆಲಸ ಗೊತ್ತುಮಾಡಿಟ್ಟ 3 ಫಿಕ್ಸೆಡ್ ಕೌಂಟರ್. ಮೊದಲನೆಯದು ಇನ್‌ಸ್ಟ್ರಕ್ಷನ್ ಎಣಿಸುತ್ತದೆ, ಎರಡನೆಯದು ಸೈಕಲ್, ಅಂದರೆ ಪ್ರೊಸೆಸರ್ ಗಡಿಯಾರದ ಮಿಡಿತ, ಮೂರನೆಯದು ಪ್ರೊಸೆಸರ್ ವೇಗ ಬದಲಾದರೂ ಒಂದೇ ಲಯದಲ್ಲಿರುವ ರೆಫರೆನ್ಸ್ ಸೈಕಲ್. ಈ ಕ್ರಮ ನೆನಪಿಡಿ, ಈಗ ಹೇಳುವ ಕಥೆಗೆ ಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಕಡೆ ಒಂದು ಡೇಟಾಬೇಸ್ ಸರ್ವರ್ ಇತ್ತು. ಎರಡು ಸಾಕೆಟ್‌ನದು, ಅಂದರೆ ಎರಡು ಪ್ರೊಸೆಸರ್. ರಾತ್ರಿಯ ಬ್ಯಾಚ್ ಬೆಳಗಾದರೂ ಮುಗಿಯುವುದಿಲ್ಲ ಅಂತ ದೂರು. ಪರ್ಫ್ ಓಡಿಸಿದೆವು. ಒಂದು ಸೈಕಲ್‌ಗೆ 9 ಇನ್‌ಸ್ಟ್ರಕ್ಷನ್ ಅಂತ ಬಂತು. ಜೊತೆಗಿದ್ದ ಹುಡುಗನಿಗೆ ಖುಷಿಯೋ ಖುಷಿ. ‘ಸಾರ್, ಪ್ರೊಸೆಸರ್ ಸಖತ್ತಾಗಿ ಓಡ್ತಿದೆ, ತೊಂದರೆ ಡಿಸ್ಕ್‌ದೇ ಇರಬೇಕು’ ಅಂದ. ಆದರೆ ಆ ಪ್ರೊಸೆಸರ್‌ನ ಪೈಪ್‌ಲೈನ್ ಅಗಲವೇ 4, ಅಂದರೆ ಒಂದು ಸೈಕಲ್‌ಗೆ ಹೆಚ್ಚೆಂದರೆ ಸುಮಾರು 4 ಇನ್‌ಸ್ಟ್ರಕ್ಷನ್. ಡೇಟಾಬೇಸ್ ಕೆಲಸದಲ್ಲಿ 1 ಬಂದರೆ ಸಮಾಧಾನ ಪಡಬೇಕು. 9 ಹೇಗೆ ಬರುತ್ತದೆ? ಐದು ಸೇರಿನ ಚೀಲದಿಂದ ಹತ್ತು ಸೇರು ಅಳೆದಂತಾಯಿತು.

ಮೊದಲ ದಿನ ಟೂಲ್ ಮೇಲೆ ಅನುಮಾನ. ಬೇರೆ ವರ್ಷನ್ ಹಾಕಿದೆವು, ಅದೇ ಉತ್ತರ. ಎರಡನೇ ದಿನ ಕರ್ನಲ್ ಬದಲಿಸಿದೆವು. ಅದೇ ಉತ್ತರ. ಪಕ್ಕದ ರ‍್ಯಾಕ್‌ನಲ್ಲಿದ್ದ ಅದೇ ಮಾಡೆಲ್‌ನ ಯಂತ್ರದಲ್ಲೂ ಹಾಗೇ. ಹಳೆಯ ಮಾಡೆಲ್ ಮಾತ್ರ ಸರಿಯಾಗಿ ಎಣಿಸುತ್ತಿತ್ತು. ಅಷ್ಟು ಹೊತ್ತಿಗೆ ನಮಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಮೂರನೇ ದಿನ ಆ ಹುಡುಗನೇ ಡಿಮೆಸೇಜ್ ಅನ್ನು, ಅಂದರೆ ಕರ್ನಲ್ ಬರೆದಿಟ್ಟ ಸಂದೇಶಗಳನ್ನು, ಬೂಟ್‌ನ ಮೊದಲ ಸಾಲಿನಿಂದ ಓದುತ್ತಾ ಕೂತ. ಒಂದು ಕಡೆ ನಿಂತ. ಕರ್ನಲ್ ಇಂಗ್ಲಿಷ್‌ನಲ್ಲಿ ಹೇಳಿತ್ತು: ಬಯಾಸ್ ಕೆಟ್ಟಿದೆ, ಹಾರ್ಡ್‌ವೇರ್ ಕೊಟ್ಟವರಿಗೆ ದೂರು ಕೊಡಿ. ಕೆಳಗಿನ ಸಾಲು: ಬಯಾಸ್ ಪಿಎಮ್‌ಯು ಹಾಳುಮಾಡಿದೆ, ಎಮ್‌ಎಸ್‌ಆರ್ 38ಡಿಯಲ್ಲಿ 330 ಇದೆ. ಪಿಎಮ್‌ಯು ಅಂದರೆ ಈ ಕೌಂಟರ್‌ಗಳ ಘಟಕ, ಎಮ್‌ಎಸ್‌ಆರ್ ಅಂದರೆ ಪ್ರೊಸೆಸರ್‌ನ ಸೆಟ್ಟಿಂಗ್ ಇರುವ ರಿಜಿಸ್ಟರ್.

ಈ 330 ನೋಡಿ. 38ಡಿ ಅಂದರೆ ಫಿಕ್ಸೆಡ್ ಕೌಂಟರ್‌ಗಳ ಸ್ವಿಚ್ಚು. ಹೆಕ್ಸ್‌ನಲ್ಲಿ ಒಂದೊಂದು ಅಂಕಿ ಒಂದೊಂದು ಕೌಂಟರ್‌ಗೆ. ಬಲಗಡೆಯಿಂದ ಓದಿ. ಮೊದಲು 0, ಅಂದರೆ ಇನ್‌ಸ್ಟ್ರಕ್ಷನ್ ಕೌಂಟರ್ ಖಾಲಿ ಇದೆ. ಆಮೇಲೆ 3. ಕರ್ನಲ್ ಕೆಲಸವನ್ನೂ ಯೂಸರ್ ಕೆಲಸವನ್ನೂ ಎಣಿಸು ಅಂತ ಸೈಕಲ್ ಕೌಂಟರ್‌ಗೆ ಹೇಳಿದ್ದಾರೆ. ಮತ್ತೊಂದು 3 ರೆಫರೆನ್ಸ್ ಸೈಕಲ್‌ಗೆ. ಹೇಳಿದ್ದು ಯಾರು? ಲಿನಕ್ಸ್ ಇನ್ನೂ ಎದ್ದೇ ಇರಲಿಲ್ಲ. ಬಯಾಸ್, ಅಂದರೆ ಯಂತ್ರದ ಫರ್ಮ್‌ವೇರ್, ತನ್ನ ವಿದ್ಯುತ್ ಲೆಕ್ಕ, ಬಳಕೆಯ ಲೆಕ್ಕಕ್ಕೆ ಎರಡು ಬಳ್ಳ ಎತ್ತಿಕೊಂಡಿತ್ತು. ಪರ್ಫ್ ಕೂಡ ಅದೇ ಬಳ್ಳದಲ್ಲಿ ಅಳೆಯುತ್ತಿತ್ತು. ಫರ್ಮ್‌ವೇರ್ ನಡುನಡುವೆ ಕೈ ಹಾಕಿದಾಗಲೆಲ್ಲ ಸೈಕಲ್ ಎಣಿಕೆ ಕಡಿಮೆಯಾಗುತ್ತಿತ್ತು. ಇನ್‌ಸ್ಟ್ರಕ್ಷನ್ ಮಾತ್ರ ಸರಿಯಾಗಿ ಬರುತ್ತಿತ್ತು. ಭಾಗಿಸಿದರೆ 9!

ಬಯಾಸ್‌ನಲ್ಲಿ ಆ ಮಾನಿಟರಿಂಗ್ ಆಯ್ಕೆ ಆಫ್ ಮಾಡಿ ರೀಬೂಟ್ ಮಾಡಿದೆವು. 0.6 ಬಂತು. ಇದು ನಿಜದ ಸಂಖ್ಯೆ. ಪ್ರೊಸೆಸರ್ ಓಡುತ್ತಿರಲಿಲ್ಲ, ಮೆಮೊರಿಗೆ ಕಾಯುತ್ತಿತ್ತು. ಪ್ರೊಸೆಸ್ ಒಂದು ಸಾಕೆಟ್‌ನಲ್ಲಿ, ಅದರ ಡೇಟಾ ಇನ್ನೊಂದು ಸಾಕೆಟ್‌ನ ಮೆಮೊರಿಯಲ್ಲಿ. ಅದನ್ನು ಸರಿಮಾಡಲು ಅರ್ಧ ಗಂಟೆ ಸಾಕಾಯಿತು. ಬಳ್ಳ ಯಾರ ಕೈಯಲ್ಲಿದೆ ಅಂತ ಕೇಳಲು ಮಾತ್ರ ಮೂರು ದಿನ ಬೇಕಾಯಿತು.

ಇನ್ನು ದಿನಾ ಎದುರಾಗುವ ತೊಂದರೆಗಳು. ಪರ್ಫ್ ಎರಡು ಥರ ಕೈ ಚೆಲ್ಲುತ್ತದೆ. ‘ನಾಟ್ ಸಪೋರ್ಟೆಡ್’ ಅಂತ ಒಂದು, ‘ನಾಟ್ ಕೌಂಟೆಡ್’ ಅಂತ ಇನ್ನೊಂದು. ಇವೆರಡನ್ನೂ ದಯವಿಟ್ಟು ಒಂದೇ ಅಂದುಕೊಳ್ಳಬೇಡಿ. ಮೊದಲನೆಯದು ಬಳ್ಳವೇ ಇಲ್ಲ ಅಂತ. ವರ್ಚುವಲ್ ಮಷೀನ್‌ನಲ್ಲಿ ಇದು ಜಾಸ್ತಿ. ಅದನ್ನು ನಡೆಸುವ ಹೈಪರ್‌ವೈಸರ್ ಪಿಎಮ್‌ಯು ಕೊಡದಿದ್ದರೆ ಒಳಗೆ ಕೂತು ಎಷ್ಟು ಒದ್ದಾಡಿದರೂ ಸೈಕಲ್ ಸಿಗುವುದಿಲ್ಲ. ಹೈಪರ್‌ವೈಸರ್ ಲಿನಕ್ಸ್‌ನ ಕೆವಿಎಮ್ ಆದರೆ ಹೋಸ್ಟ್ ಸಿಪಿಯು ಮಾಡೆಲ್ ಕೊಟ್ಟು ನೋಡಿ. ಕ್ಲೌಡ್ ಆದರೆ ಅವರನ್ನೇ ಕೇಳಬೇಕು.

ಎರಡನೆಯದು, ಬಳ್ಳ ಇದೆ, ಆದರೆ ನಿಮ್ಮ ಸರದಿ ಬರಲಿಲ್ಲ ಅಂತ. 4 ಕೌಂಟರ್ ಇರುವಲ್ಲಿ 5 ಈವೆಂಟ್‌ಗಳನ್ನು, ಅಂದರೆ ಎಣಿಸಬೇಕಾದ 5 ಸಂಗತಿಗಳನ್ನು, ಒಂದೇ ಗುಂಪಾಗಿ ಕೇಳಿದರೆ ಆ ಗುಂಪು ಹತ್ತುವುದೇ ಇಲ್ಲ. ನೀವು ಕೇಳಿದ್ದು ನಾಲ್ಕೇ ಇರಬಹುದು. ಆದರೂ ಹತ್ತದಿದ್ದರೆ ಎನ್‌ಎಮ್‌ಐ ವಾಚ್‌ಡಾಗ್ ನೋಡಿ. ಯಂತ್ರ ಸಿಕ್ಕಿಹಾಕಿಕೊಂಡಿದೆಯೇ ಅಂತ ಕಾಯಲು ಕರ್ನಲ್ ತಾನೇ ಒಂದು ಸೈಕಲ್ ಕೌಂಟರ್ ಹಿಡಿದಿರುತ್ತದೆ. ಪ್ರಾಕ್ ಒಳಗಿನ ಅದರ ಫೈಲ್‌ಗೆ 0 ಬರೆಯಿರಿ, ಅಳತೆ ಮುಗಿದ ಮೇಲೆ ಮರೆಯದೆ 1 ಬರೆಯಿರಿ. ಅದು ಕಾವಲು ನಾಯಿ, ಸುಮ್ನೆ ಬಿಡಿಸಿ ಕಳಿಸುವುದಲ್ಲ.

ಗುಂಪು ಮಾಡದೆ ಹತ್ತು ಈವೆಂಟ್ ಕೇಳಿದರೆ ಪರ್ಫ್ ಸರದಿ ಹಾಕುತ್ತದೆ. ಬಲಗಡೆ ಆವರಣದಲ್ಲಿ ಶೇಕಡಾ ತೋರಿಸುತ್ತದಲ್ಲ, ಅದನ್ನು ಓದಿ. 25 ಅಂತ ಇದ್ದರೆ ಕಾಲು ಭಾಗ ಹೊತ್ತು ಮಾತ್ರ ಎಣಿಸಿದೆ. ಆ ಹೊತ್ತಿನಲ್ಲಿ ಸಿಕ್ಕಿದ್ದು 10 ಲಕ್ಷವಾದರೆ ನಿಮಗೆ ಕಾಣುವುದು 40 ಲಕ್ಷ. ಉಳಿದದ್ದು ಅಂದಾಜು. ಕೆಲಸ ಒಂದೇ ಹದದಲ್ಲಿ ನಡೆದರೆ ಅಂದಾಜು ಪರವಾಗಿಲ್ಲ. ಅರ್ಧ ಸೆಕೆಂಡ್‌ನ ಕೆಲಸಕ್ಕೆ ನಂಬಬೇಡಿ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳುತ್ತೇನೆ.

ಇಂಟೆಲ್‌ನ ಅಳತೆ ಟೂಲ್ ಪಿಸಿಎಮ್ ಓಡಿಸುವವರು ಕೇಳಿ. ಪಿಎಮ್‌ಯು ಬೇರೆಯವರ ಬಳಿ ಇದೆ, ರೀಸೆಟ್ ಮಾಡಲೇ ಅಂತ ಅದು ಕೇಳಿದಾಗ ಕೈ ತಾನಾಗಿ ‘ವೈ’ ಒತ್ತುತ್ತದೆ. ಒತ್ತಬೇಡಿ. ಬೇರೆ ಯಾರೋ ಅಳೆಯುತ್ತಿರಬಹುದು, ಅವರ ಬಳ್ಳ ಮಗುಚಿದಂತಾಗುತ್ತದೆ. ಮೊದಲು ಹುಡುಕಿ. ನಿಮ್ಮದೇ ಮಾನಿಟರಿಂಗ್ ಏಜೆಂಟ್ ಇರಬಹುದು.

ಪರ್ಮಿಷನ್ ವಿಷಯ. ಪರ್ಫ್ ಈವೆಂಟ್ ಪ್ಯಾರನಾಯ್ಡ್ ಅನ್ನುವ ಕರ್ನಲ್ ಸೆಟ್ಟಿಂಗ್ 2 ಇದ್ದರೆ ಸಾಮಾನ್ಯ ಯೂಸರ್‌ಗೆ ತನ್ನ ಪ್ರೊಸೆಸ್‌ನ ಯೂಸರ್ ಭಾಗ ಮಾತ್ರ ಕಾಣುತ್ತದೆ. ಅದಕ್ಕಾಗಿ ಎಲ್ಲರಿಗೂ ರೂಟ್ ಕೊಡುವ ಅಭ್ಯಾಸ ಬಿಡಿ. 2020ರ ಲಿನಕ್ಸ್ 5.8ರಿಂದ ಅಳತೆಗಷ್ಟೇ ಅನುಮತಿ ಕೊಡುವ ಕ್ಯಾಪ್ ಪರ್ಫ್‌ಮಾನ್ ಇದೆ, ಅದೊಂದೇ ಕೊಟ್ಟರೆ ಸಾಕು.

ಹೈಪರ್‌ಥ್ರೆಡ್ ಸೋರಿಕೆ ಬಗ್ಗೆ ಹತ್ತು ನಿಮಿಷ ಇಟ್ಟುಕೊಂಡಿದ್ದೆ. ಸ್ಯಾಂಡಿ ಬ್ರಿಜ್, ಐವಿ ಬ್ರಿಜ್, ಹ್ಯಾಸ್ವೆಲ್‌ನಲ್ಲಿ ಕೆಲವು ಮೆಮೊರಿ ಈವೆಂಟ್‌ಗಳ ಎಣಿಕೆ ಪಕ್ಕದ ಥ್ರೆಡ್‌ನ ಕೌಂಟರ್ ಕೆಡಿಸುತ್ತದೆ. ಕರ್ನಲ್‌ನಲ್ಲಿ ಅದಕ್ಕೆ ಉಪಾಯ ಇದೆ. ಕೋರ್‌ಗಳ ಹೊರಗಿನ ಅನ್‌ಕೋರ್ ಕೌಂಟರ್‌ಗಳನ್ನು ಇವತ್ತು ಮುಟ್ಟಲು ಆಗುವುದಿಲ್ಲ.

ಮಧ್ಯಾಹ್ನ ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ. ನಿಮ್ಮ ಸರ್ವರ್‌ನ ಡಿಮೆಸೇಜ್ ತನ್ನಿ, ಬೂಟ್‌ನ ಮೊದಲ ಸಾಲಿನಿಂದ ಒಟ್ಟಿಗೆ ಓದೋಣ.