ಕಾರಣ ಕೇಳದ ಅರ್ಜಿ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಗಾಳ, ಡೇರೆ, ಮಳೆಯಂಗಿಗಳನ್ನು ಮಾರುವ ದೊಡ್ಡ ಅಂಗಡಿಯೊಂದಕ್ಕೆ ಅಳಿಯ ನನ್ನನ್ನು ಕರೆದುಕೊಂಡು ಹೋಗಿದ್ದರು. ಅಂಗಡಿಯ ಹಿಂಬದಿಯ ಗೋಡೆಗೆ, ನಮ್ಮ ಪೇಟೆಯಲ್ಲಿ ಮಳೆಗಾಲಕ್ಕೆ ಕೊಡೆಗಳನ್ನು ಜೋಡಿಸುವ ಹಾಗೆ, ಕೋವಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಕೊಳ್ಳುವವರು ತುಂಬಬೇಕಾದ 4473 ಎಂಬ ಸಂಖ್ಯೆಯ ಅರ್ಜಿಯನ್ನು ಅಂದು ರಾತ್ರಿ ಅಳಿಯ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ಕೋವಿಯನ್ನು ನಿಮಗಾಗಿಯೇ ಕೊಳ್ಳುತ್ತಿದ್ದೀರಾ, ಗಂಭೀರ ಅಪರಾಧದಲ್ಲಿ ನಿಮಗೆ ಶಿಕ್ಷೆಯಾಗಿದೆಯೇ, ಮನೆಯವರ ಮೇಲೆ ಕೈಮಾಡಿದ ಪ್ರಕರಣವೇನಾದರೂ ಸಾಬೀತಾಗಿದೆಯೇ, ಮಾದಕ ವಸ್ತುಗಳ ಚಟವಿದೆಯೇ ಎಂದೆಲ್ಲ ಅದು ಕೇಳುತ್ತದೆ. ನನ್ನಂತೆ ಪ್ರವಾಸಿ ವೀಸಾದ ಮೇಲೆ ಬಂದವರನ್ನು ಸೋಸುವ ಪ್ರಶ್ನೆಯೂ ಇತ್ತು. ಕೆಲವು ವಿನಾಯಿತಿಗಳನ್ನು ಬಿಟ್ಟರೆ ಅಂಥವರಿಗೆ ಮಾರುವಂತಿಲ್ಲ. ಎರಡೆರಡು ಸಲ ಓದಿದರೂ ನಾನು ಹುಡುಕುತ್ತಿದ್ದ ಒಂದು ಪ್ರಶ್ನೆ ಮಾತ್ರ ಸಿಗಲಿಲ್ಲ: ಕೋವಿ ನಿಮಗೆ ಏಕೆ ಬೇಕು?

ನಾನು ಮಲೆನಾಡಿನವನು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿನಳಿಗೆಯ ತೋಟಾಕೋವಿಯೊಂದು ನನ್ನ ತಂದೆಯವರ ಬಳಿ ಇತ್ತು. ತೋಟವೆಷ್ಟು, ಗದ್ದೆಯೆಷ್ಟು, ಕಾಡಿನ ಅಂಚು ಎಷ್ಟು ದೂರ ಎಂಬುದನ್ನೆಲ್ಲ ಬರೆದು, ಪಹಣಿ ಲಗತ್ತಿಸಿ, ಪೊಲೀಸರ ವರದಿಗಾಗಿ ತಿಂಗಳುಗಟ್ಟಲೆ ಕಾದು ಅವರು ಅದನ್ನು ಪಡೆದಿದ್ದರು. ಚುನಾವಣೆ ಘೋಷಣೆಯಾಯಿತೆಂದರೆ ಕೋವಿಯನ್ನು ಗೋಣಿತಾಟಿನಲ್ಲಿ ಸುತ್ತಿ ಬಸ್ಸಿನಲ್ಲಿ ಠಾಣೆಗೆ ಒಯ್ದು, ಒಪ್ಪಿಸಿ, ರಸೀದಿ ಪಡೆದು ಬರಬೇಕಿತ್ತು. ಚುನಾವಣಾ ನೀತಿಸಂಹಿತೆ ಕಾಡುಹಂದಿಗಳಿಗೆ ಮಾತ್ರ ಅನ್ವಯಿಸುತ್ತಿರಲಿಲ್ಲ.

ಅಮೆರಿಕದವರಿಗೆ ಬಂದೂಕಿನ ಹುಚ್ಚು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ವ್ಯತ್ಯಾಸವಿರುವುದು ಹುಚ್ಚಿನಲ್ಲಲ್ಲ, ಕಾರಣವನ್ನು ಯಾರು ಹೇಳಬೇಕು ಎಂಬುದರಲ್ಲಿ. ನಮ್ಮಲ್ಲಿ ಆಯುಧ ಏಕೆ ಬೇಕೆಂದು ಪ್ರಜೆ ಹೇಳಬೇಕು. ಅಲ್ಲಿ ಏಕೆ ಕೊಡಬಾರದೆಂದು ಸರ್ಕಾರ ಹೇಳಬೇಕು. ಆ ದೇಶದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಒಂದೇ ವಾಕ್ಯದ್ದು; ಅದರ ಮೊದಲ ಭಾಗದಲ್ಲಿ ಶಿಸ್ತಿನ ನಾಗರಿಕ ಪಡೆಯ ಪ್ರಸ್ತಾಪವೂ ಎರಡನೆಯ ಭಾಗದಲ್ಲಿ ಜನರು ಆಯುಧ ಹೊಂದುವ ಹಕ್ಕಿನ ಪ್ರಸ್ತಾಪವೂ ಇವೆ. ಈ ಹಕ್ಕು ಪಡೆಗೆ ಸೇರಿದ್ದಲ್ಲ, ಪ್ರತಿ ವ್ಯಕ್ತಿಗೂ ಸೇರಿದ್ದು ಎಂದು ಅಲ್ಲಿನ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದ್ದು 2008ರಲ್ಲಿ, ಹೆಲ್ಲರ್ ಪ್ರಕರಣದಲ್ಲಿ, ಅದೂ ಐದು-ನಾಲ್ಕರ ಬಹುಮತದಿಂದ. ನನಗೆ ಅದಕ್ಕಿಂತ ಮುಖ್ಯವೆನಿಸುವುದು 2022ರ ಬ್ರೂಯನ್ ತೀರ್ಪು. ಕೈಬಂದೂಕನ್ನು ಸೊಂಟದಲ್ಲಿಟ್ಟುಕೊಂಡು ಬೀದಿಗಿಳಿಯಬಯಸುವವನು ತಕ್ಕ ಕಾರಣವನ್ನು ತೋರಿಸಬೇಕೆಂದು ನ್ಯೂಯಾರ್ಕ್ ರಾಜ್ಯ ನೂರಕ್ಕೂ ಹೆಚ್ಚು ವರ್ಷಗಳಿಂದ ಕೇಳುತ್ತ ಬಂದಿತ್ತು. ಹಾಗೆ ಕೇಳುವುದೇ ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. ನನ್ನ ತಂದೆಯವರ ಅರ್ಜಿಯ ಮುಖ್ಯ ಅಂಕಣವನ್ನೇ ಒಂದು ದೇಶದ ಸರ್ವೋಚ್ಚ ಪೀಠ ಹೊಡೆದುಹಾಕಿದಂತೆ ನನಗೆ ಕಂಡಿತು.

ಕಾರಣ ಕೇಳದಿರುವುದು ಹಾಗಿರಲಿ, ಲೆಕ್ಕವಿಡುವುದಕ್ಕೂ ಅಲ್ಲಿ ತಡೆಯಿದೆ. ಬಂದೂಕು ಒಡೆಯರ ಕೇಂದ್ರೀಯ ನೋಂದಣಿಯನ್ನು 1986ರ ಕಾನೂನು ನಿಷೇಧಿಸಿದೆ. ಆದ್ದರಿಂದ ಕೊಲೆ ನಡೆದ ಸ್ಥಳದಲ್ಲಿ ಬಂದೂಕು ಸಿಕ್ಕರೆ, ಪಶ್ಚಿಮ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್ ಎಂಬ ಊರಿನಲ್ಲಿ ಬಂದೂಕುಗಳ ಜಾಡು ಹಿಡಿಯುವ ಸರ್ಕಾರಿ ಕಚೇರಿಯ ಸಿಬ್ಬಂದಿ ಮೊದಲು ತಯಾರಕರನ್ನು, ಆಮೇಲೆ ಸಗಟು ವ್ಯಾಪಾರಿಯನ್ನು, ಕೊನೆಗೆ ಅಂಗಡಿಯವನನ್ನು ವಿಚಾರಿಸುತ್ತ ಹೋಗುತ್ತಾರೆ. ಅಂಗಡಿ ಮುಚ್ಚಿಹೋಗಿದ್ದರೆ ಅದರ ಹಳೆಯ ಕಾಗದಪತ್ರಗಳು ಅದೇ ಕಚೇರಿಗೆ ಬಂದಿರುತ್ತವೆ. ಕೊಂಡವನ ಹೆಸರು ಹಾಕಿ ಅವುಗಳಲ್ಲಿ ಹುಡುಕುವ ಹಾಗಿಲ್ಲ.

ನಾವು ಈ ಹಕ್ಕಿನ ಬಗ್ಗೆ ಯೋಚಿಸಲೇ ಇಲ್ಲ ಎಂದಲ್ಲ. 1878ರ ಆಯುಧ ಕಾಯ್ದೆಯಿಂದ ಬ್ರಿಟಿಷರು ಭಾರತೀಯರನ್ನು ನಿರಾಯುಧರನ್ನಾಗಿಸಿದ ನೋವು ಎಷ್ಟು ಆಳವಾಗಿತ್ತೆಂದರೆ, 1931ರಲ್ಲಿ ಕರಾಚಿಯಲ್ಲಿ ಕಾಂಗ್ರೆಸ್ ಅಂಗೀಕರಿಸಿದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಅದನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ. ಹಾಗಾಗಿ ನಮ್ಮಲ್ಲಿ ಕೋವಿ ಹಕ್ಕಾಗದೆ ಪರವಾನಗಿಯಾಗಿಯೇ ಉಳಿಯಿತು. ಕೊಡಗಿನ ಮಾತು ಬೇರೆ. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿಯಿದೆ. ಕೈಲ್ ಮುಹೂರ್ತದ ಹಬ್ಬದಂದು ಮನೆಯ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಆದರೆ ಅದೂ ಸರ್ಕಾರದ ಅಧಿಸೂಚನೆಯ ಮೇಲೆ ನಿಂತ ವಿನಾಯಿತಿಯೇ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ.

ಹೊರಗಿನವನಾದ ನನ್ನ ಅಭಿಪ್ರಾಯವೇನೆಂದರೆ, ಕಾರಣ ಕೇಳುವುದು ಪ್ರಜೆಗೆ ಮಾಡುವ ಅವಮಾನವಲ್ಲ. ಅಮೆರಿಕದಲ್ಲಿ ಶಾಲೆಗಳ ಮೇಲೆ ಗುಂಡಿನ ದಾಳಿ ನಡೆದಾಗ ಇಡೀ ಜಗತ್ತು ಅತ್ತ ನೋಡುತ್ತದೆ. 2022ರ ಮೇ ತಿಂಗಳಲ್ಲಿ ಟೆಕ್ಸಾಸಿನ ಯುವಾಲ್ಡೆಯಲ್ಲಿ ಹತ್ತೊಂಬತ್ತು ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತಾಗ ಹಾಗೆಯೇ ಆಯಿತು. ಆದರೆ 2023ರಲ್ಲಿ ಅಲ್ಲಿ ಗುಂಡೇಟಿನಿಂದ ಸತ್ತ ಸುಮಾರು 47 ಸಾವಿರ ಮಂದಿಯಲ್ಲಿ 27 ಸಾವಿರಕ್ಕೂ ಹೆಚ್ಚಿನವರು ಆತ್ಮಹತ್ಯೆ ಮಾಡಿಕೊಂಡವರು. ಯಾವ ಪಕ್ಷದ ಭಾಷಣದಲ್ಲೂ ಇವರ ಸುದ್ದಿ ಅಷ್ಟಾಗಿ ಬರುವುದಿಲ್ಲ. ದುಡುಕಿನ ಗಳಿಗೆ ಕಳೆಯಲು ಕೆಲವು ದಿನಗಳು ಸಾಕಾಗಬಹುದೆಂದು ಕೆಲವು ರಾಜ್ಯಗಳು ಹಣ ಕೊಟ್ಟ ಮೇಲೂ ಕಾಯಿಸಿ ಕೋವಿ ಕೊಡುತ್ತವೆ. ಟೆಕ್ಸಾಸಿನಲ್ಲಿ ಅಂಥ ಕಾಯುವಿಕೆ ಇಲ್ಲ.

ತಂದೆಯವರು ತೀರಿಕೊಂಡ ಮೇಲೆ ಪರವಾನಗಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ನಾನೂ ಅರ್ಜಿ ತಂದಿದ್ದೆ. ತೋಟವನ್ನು ಗೇಣಿಗೆ ಕೊಟ್ಟಾಗಿತ್ತು, ನಾನು ಪಟ್ಟಣದಲ್ಲಿದ್ದೆ. ಆಯುಧದ ಅಗತ್ಯವೇನು ಎಂಬ ಅಂಕಣದ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದು, ಕೊನೆಗೆ ಕೋವಿಯನ್ನು ಮತ್ತೊಮ್ಮೆ ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ತಂದೆ.