ದಾಟುವ ದಾರಿಯನ್ನು ಮೊದಲ ದಿನವೇ ನೋಡಿಕೊಳ್ಳಿ

ಕೇಳುಗರಿಗೆ ನಮಸ್ಕಾರ.

ಕ್ಯಾಲಿಫೋರ್ನಿಯಾದ ಕುಪರ್ಟಿನೊ, ಸನ್ನಿವೇಲ್ ಕಡೆಯ ಕನ್ನಡ ಮನೆಗಳಲ್ಲಿ ಮಗಳೋ ಮಗನೋ ಎರಡು ವರ್ಷದ ಕಮ್ಯುನಿಟಿ ಕಾಲೇಜಾದ ಡಿ ಆಂಜಾಗೆ ಸೇರಿದರೆ, ಊರಿಗೆ ಫೋನ್ ಮಾಡುವಾಗ ಅಪ್ಪ ಅಮ್ಮನ ದನಿ ಕೊಂಚ ತಗ್ಗುತ್ತದೆ. "ಸದ್ಯಕ್ಕೆ ಕಮ್ಯುನಿಟಿ ಕಾಲೇಜು, ಆಮೇಲೆ ನೋಡೋಣ." ಈ ಸಂಕೋಚ ನನಗೆ ನೋವು ತರುತ್ತದೆ. ನಮ್ಮೂರಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಎರಡನೇ ವರ್ಷದ ಬಿ.ಇ.ಗೆ ಸೇರಿದವರನ್ನು ಯಾರಾದರೂ ಅರ್ಧ ಎಂಜಿನಿಯರ್ ಅನ್ನುತ್ತಾರೆಯೆ?

ಇಲ್ಲಿಯ ದಾರಿ ಯಾರೋ ಕನಿಕರದಿಂದ ತೆರೆದ ಹಿಂಬಾಗಿಲಲ್ಲ. 1960ರಲ್ಲಿ ರಾಜ್ಯ ಉನ್ನತ ಶಿಕ್ಷಣಕ್ಕೆ ಒಂದು ಯೋಜನೆ ಹಾಕಿಕೊಂಡಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಪಾಲಿಗೆ ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಪಾಲಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಕಮ್ಯುನಿಟಿ ಕಾಲೇಜು ಎಲ್ಲರಿಗೂ. ಅಲ್ಲಿ ಎರಡು ವರ್ಷ ಓದಿ ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ದಾಟುವುದೂ ಆ ಯೋಜನೆಯ ಭಾಗವೇ. ಕಮ್ಯುನಿಟಿ ಕಾಲೇಜಿನಲ್ಲಿ ರಾಜ್ಯದ ನಿವಾಸಿಗೆ, ಕೋರ್ಸಿನ ತೂಕ ಅಳೆಯುವ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್, ಅಂದರೆ ವರ್ಷಕ್ಕೆ 30 ಯೂನಿಟ್ ಓದಿದರೆ 1,380 ಡಾಲರ್. ಯುಸಿಯಲ್ಲಿ ಶುಲ್ಕವೊಂದೇ ವರ್ಷಕ್ಕೆ 14,000 ಡಾಲರ್ ದಾಟುತ್ತದೆ. ಕೊನೆಗೆ ಕೈಗೆ ಬರುವ ಪದವಿ ಪತ್ರ ಒಂದೇ.

ಆದರೆ ಈ ದಾರಿಯಲ್ಲಿ ಮಕ್ಕಳು ಎಡವುವ ಜಾಗವೊಂದಿದೆ. ಬಹಳ ಮಂದಿ ಎರಡನೇ ವರ್ಷದಲ್ಲಿ ಅರ್ಜಿ ಹಾಕುವಾಗ ಮಾತ್ರ ಟ್ರಾನ್ಸ್‌ಫರ್ ಬಗ್ಗೆ ಯೋಚಿಸುತ್ತಾರೆ. ಅಷ್ಟರಲ್ಲಿ ತಡವಾಗಿರುತ್ತದೆ. ಯಾವ ಕಾಲೇಜಿನ ಯಾವ ಕೋರ್ಸು ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಸಮ ಎಂಬುದನ್ನು 'ಅಸಿಸ್ಟ್' ಎಂಬ ಅಧಿಕೃತ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಮೊದಲ ಕ್ಲಾಸಿಗೆ ಹೆಸರು ಕೊಡುವ ಮೊದಲೇ ಅದನ್ನು ನೋಡಬೇಕು. ಯುಸಿಯ ಕ್ಯಾಂಪಸ್ಸುಗಳಲ್ಲೇ ಬರ್ಕ್‌ಲಿಗೆ ಬೇಕಾದ ಕೋರ್ಸು ಡೇವಿಸ್‌ಗೆ ಬೇಡದಿರಬಹುದು. ಅರವತ್ತು ಸೆಮಿಸ್ಟರ್ ಯೂನಿಟ್ ಪೂರೈಸಿಯೂ, ಮುಖ್ಯ ವಿಷಯ, ಅಂದರೆ ಮೇಜರ್‌ಗೆ ಬೇಕಾದ ಒಂದು ಗಣಿತ ಕೋರ್ಸು ಇಲ್ಲದೆ ಸೀಟು ತಪ್ಪಬಹುದು. ಡಿ ಆಂಜಾದಲ್ಲಿ ಸೆಮಿಸ್ಟರಿಗಿಂತ ಚಿಕ್ಕ ಟರ್ಮುಗಳ ಕ್ವಾರ್ಟರ್ ಪದ್ಧತಿ, ಸ್ಯಾನ್ ಹೋಸೆ ಸಿಟಿ ಕಾಲೇಜಿನಲ್ಲಿ ಸೆಮಿಸ್ಟರ್. ಕ್ಯಾಲ್ಕುಲಸ್ ಸರಣಿಯನ್ನು ಒಂದು ಕಡೆ ಶುರುಮಾಡಿ ಇನ್ನೊಂದು ಕಡೆ ಮುಗಿಸಹೋದರೆ ಪಾಠಗಳು ಜೋಡಣೆಯಾಗುವುದೇ ಕಷ್ಟ. ಶುರುಮಾಡಿದಲ್ಲೇ ಮುಗಿಸಿ ಎನ್ನುವುದು ನನ್ನ ಖಚಿತ ಸಲಹೆ.

'ಸೀಟು ಗ್ಯಾರಂಟಿ' ಎಂಬ ಮಾತು ಕೇಳಿ ಹಿಗ್ಗುವ ಮೊದಲು ಷರತ್ತು ಓದಿ. ಟ್ರಾನ್ಸ್‌ಫರ್‌ಗೆಂದೇ ಇರುವ ಎರಡು ವರ್ಷದ ಅಸೋಸಿಯೇಟ್ ಪದವಿ ಪಡೆದರೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಲ್ಲೋ ಒಂದು ಕಡೆ ಜಾಗ ಸಿಗುತ್ತದೆ. ಅದು ಸ್ಯಾನ್ ಹೋಸೆ ಸ್ಟೇಟ್‌ನ ಕಂಪ್ಯೂಟರ್ ಸೈನ್ಸೇ ಆಗಬೇಕೆಂದಿಲ್ಲ. ಯುಸಿಯಲ್ಲಿ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರು ಮಾತ್ರ ಗ್ಯಾರಂಟಿ ಒಪ್ಪಂದ ಮಾಡಿಕೊಳ್ಳುತ್ತವೆ. ಅವುಗಳಲ್ಲಿ ಒಂದನ್ನಷ್ಟೇ ಆರಿಸಬಹುದು, ಕೆಲವು ಮೇಜರ್‌ಗಳು ಅದರಿಂದ ಹೊರಗೆ. ಒಪ್ಪಂದದ ಅರ್ಜಿ ಸೆಪ್ಟೆಂಬರ್ ತಿಂಗಳೊಳಗೆ ಹೋಗಬೇಕು, ಮೇಲೆ ಮಾಮೂಲಿ ಅರ್ಜಿಯನ್ನೂ ಹಾಕಲೇಬೇಕು.

ಅಪ್ಪ ಅಮ್ಮಂದಿರೆ, ಒಂದು ವಿನಂತಿ. ಕಾಲೇಜಿನಲ್ಲಿ ಕೌನ್ಸೆಲರ್ ಇರುತ್ತಾರೆ, ಅವರನ್ನು ಕಾಣುವುದಕ್ಕೆ ದುಡ್ಡು ಕೊಡಬೇಕಿಲ್ಲ. ಮೊದಲ ಟರ್ಮಿನಲ್ಲೇ ಮಗಳನ್ನು ಅವರ ಬಳಿ ಕಳಿಸಿ, ಎರಡು ವರ್ಷದ ಕೋರ್ಸುಗಳ ಪಟ್ಟಿಯನ್ನು ಬರೆಸಿಕೊಂಡು ಬರಲಿ. ಜನವರಿಯಲ್ಲಿ ಹೊಸ ಅಂಕಗಳನ್ನು ಯುಸಿಗೆ ತಿಳಿಸುವ ಕೆಲಸವಿದೆ, ಅದನ್ನೂ ಆ ಪಟ್ಟಿಯಲ್ಲೇ ಸೇರಿಸಿಕೊಳ್ಳಲಿ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅವಳು ಎಲ್ಲಿ ಓದುತ್ತಿದ್ದಾಳೆಂದು ದನಿ ತಗ್ಗಿಸದೆ ಹೇಳಿ.

ನಮಸ್ಕಾರ.