ಕ್ಯಾಸೆಟ್ ಕೊಟ್ಟ ಹುಡುಗ

ಕೇಳುಗರೆಲ್ಲರಿಗೂ ನಮಸ್ಕಾರ.

ರೇಡಿಯೋದಲ್ಲಿ ಕೂತು ಹೇಳುತ್ತಿದ್ದೇನಲ್ಲ, ಹಾಗಾಗಿ ಈ ಕತೆಯನ್ನೂ ರೇಡಿಯೋದಿಂದಲೇ ಶುರು ಮಾಡುತ್ತೇನೆ. 1981ನೇ ಇಸವಿ. ಇಂಗ್ಲೆಂಡಿನ ಶೆಫೀಲ್ಡ್, ಉಕ್ಕಿಗೆ ಹೆಸರಾದ ಊರು. ಅಲ್ಲಿನ ಒಂದು ಕಾಲೇಜಿಗೆ ಬಿಬಿಸಿ ರೇಡಿಯೋದ ಜಾನ್ ಪೀಲ್ ಬಂದಿದ್ದರು. ಹೊಸ ತಂಡಗಳ ಹಾಡುಗಳನ್ನು ಹುಡುಕಿ ಹುಡುಕಿ ಕೇಳಿಸುತ್ತಿದ್ದವರು ಅವರು. ಉದ್ದಕ್ಕೆ, ತೆಳ್ಳಗಿದ್ದ, ಕನ್ನಡಕದ ಹುಡುಗನೊಬ್ಬ ಅವರ ಕೈಗೆ ಒಂದು ಕ್ಯಾಸೆಟ್ ಕೊಟ್ಟ. ಆಮೇಲೆ ಅವನಿಗೆ ಬಿಬಿಸಿಯಿಂದ ಕರೆ ಬಂತು. ಹಾಡೋಕೆ ಬನ್ನಿ ಅಂತ.

ಆ ಹುಡುಗ ಜಾರ್ವಿಸ್ ಕಾಕರ್. ತಂಡದ ಹೆಸರು ಪಲ್ಪ್. ಶಾಲೆಯ ಗೆಳೆಯರನ್ನು ಸೇರಿಸಿಕೊಂಡು 1978ರಲ್ಲಿ ಕಟ್ಟಿದ್ದ ತಂಡ ಅದು. ಇನ್ನೇನು ನಮ್ಮ ಕಾಲ ಬಂತು ಅಂತ ಅನ್ನಿಸಿರಬೇಕು, ಅಲ್ವಾ? ಜಾರ್ವಿಸ್ ಕಾಲೇಜಿಗೆ ಹೋಗುವುದನ್ನೂ ಮುಂದಕ್ಕೆ ಹಾಕಿದ. ಜೊತೆಗಿದ್ದವರು ಓದಲು ಹೊರಟುಹೋದರು. ಮತ್ತೆ ಪೀಲ್ ಅವರ ಕಾರ್ಯಕ್ರಮಕ್ಕೆ ಪಲ್ಪ್ ಹಾಡಿದ್ದು 1993ರಲ್ಲಿ. ನಡುವೆ ಹೋಗಿದ್ದು 12 ವರ್ಷ.

ಇವರದ್ದು ಇಂಡೀ ತಂಡ. ಅಂದರೆ ದೊಡ್ಡ ಕಂಪನಿಗಳ ನೆರಳಿಲ್ಲದೆ, ಸಣ್ಣ ಸಣ್ಣ ಸಂಸ್ಥೆಗಳ ಮೂಲಕ ಹಾಡುಗಳನ್ನು ಹೊರತರುವವರು. 1983ರಲ್ಲಿ ಮೊದಲ ಆಲ್ಬಂ ಬಂತು, 1987ರಲ್ಲಿ ಎರಡನೆಯದು. ಕೊಂಡವರು ಬಹಳ ಕಡಿಮೆ. ಮೂರನೆಯದರ ಧ್ವನಿಮುದ್ರಣ 1989ರಲ್ಲಿ ಶುರುವಾಗಿ, ಅದು ಅಂಗಡಿಗೆ ಬರುವಷ್ಟರಲ್ಲಿ 1992 ಆಗಿತ್ತು.

ಆದರೆ ಆ ವರ್ಷಗಳು ಸುಮ್ನೆ ಕಳೆದುಹೋದವು ಅಂತ ನನಗೆ ಅನ್ನಿಸುವುದಿಲ್ಲ. 1985ರಲ್ಲಿ ನಡೆದದ್ದನ್ನೇ ನೋಡಿ. ಒಬ್ಬ ಹುಡುಗಿಯ ಮೆಚ್ಚುಗೆ ಗಳಿಸೋಕೆ ಅಂತ ಜಾರ್ವಿಸ್ ಮಹಡಿಯ ಕಿಟಕಿಯಿಂದ ಹೊರಗೆ ಜೋತುಬಿದ್ದ. ವಾಪಸ್ ಹತ್ತಲು ಆಗಲಿಲ್ಲ. ಕೈಜಾರಿ ಕೆಳಗೆ ಬಿದ್ದ. ಮೂಳೆಗಳು ಮುರಿದವು. ವಾರಗಟ್ಟಲೆ ಆಸ್ಪತ್ರೆ. ಹೊರಗೆ ಬಂದ ಮೇಲೂ ಕೆಲವು ಕಾಲ ಗಾಲಿಕುರ್ಚಿಯಲ್ಲಿ ಕೂತೇ ಹಾಡಿದ. ಆ ಹಾಸಿಗೆಯಲ್ಲಿ ಮಲಗಿದ್ದಾಗಲೇ ತನ್ನ ಬರವಣಿಗೆ ದಾರಿ ಬದಲಿಸಿತು ಅಂತ ಅವನು ಮುಂದೆ ಹೇಳಿಕೊಂಡಿದ್ದಾನೆ. ಎಲ್ಲೋ ದೂರದ ದೊಡ್ಡ ಸಂಗತಿಗಳು ಬೇಡ, ಕಣ್ಣ ಮುಂದೆ ಇರುವುದನ್ನೇ ಬರೆಯೋಣ ಅಂತ. ಆಮೇಲಿನ ಹಾಡುಗಳಲ್ಲಿ ನೋಡಿ, ಗೋಡೆಗೆ ಅಂಟಿಸಿದ ಕಾಗದ, ಬಾಡಿಗೆ ಕೋಣೆ, ಸೂಪರ್‌ಮಾರ್ಕೆಟ್, ಪಕ್ಕದ ಮನೆಯವರ ಗುಟ್ಟು, ಇಂಥವೇ ತುಂಬಿವೆ.

1988ರಲ್ಲಿ ಅವನು ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾ ಕಾಲೇಜಿಗೆ ಸಿನಿಮಾ ಕಲಿಯಲು ಹೋದ. ಅಲ್ಲಿ ಗ್ರೀಸ್ ದೇಶದ ಹುಡುಗಿಯೊಬ್ಬಳು ಸಿಕ್ಕಳು. ಸಾಮಾನ್ಯ ಜನ ಬದುಕುವ ಹಾಗೆ ನಾನೂ ಬದುಕಬೇಕು ಅಂದಳಂತೆ. ಆ ಮಾತು ಅವನ ತಲೆಯಲ್ಲಿ ವರ್ಷಗಟ್ಟಲೆ ಉಳಿಯಿತು. ಮುಂದೊಂದು ದಿನ ಹಳೇ ರೆಕಾರ್ಡುಗಳನ್ನು ಮಾರಿ, ಅದೇ ಅಂಗಡಿಯಲ್ಲಿ ಒಂದು ಪುಟ್ಟ ಕ್ಯಾಸಿಯೋ ಕೀಬೋರ್ಡ್ ತಗೊಂಡ. ಅದರ ಮೇಲೆ ಬೆರಳಾಡಿಸುತ್ತಾ ಒಂದು ರಾಗ ಹುಟ್ಟಿತು. ತಂಡದ ಉಳಿದವರಿಗೆ ಅಷ್ಟೇನೂ ಹಿಡಿಸಲಿಲ್ಲ. ಕೀಬೋರ್ಡ್ ನುಡಿಸುವ ಕ್ಯಾಂಡಿಡಾ ಡಾಯ್ಲ್‌ಗೆ ಮಾತ್ರ ಕೇಳಿದ ಕೂಡಲೇ ಇಷ್ಟವಾಯಿತು.

ಅದೇ 'ಕಾಮನ್ ಪೀಪಲ್' ಹಾಡು. ಮೊದಲು ಕಿವಿಯ ಹತ್ತಿರ ಬಂದು ಮಾತಾಡಿದ ಹಾಗೆ ಮೆಲ್ಲಗೆ ಶುರುವಾಗುತ್ತದೆ. ಬರಬರುತ್ತಾ ವೇಗ ಏರುತ್ತದೆ, ಸಿಟ್ಟೂ ಏರುತ್ತದೆ. ನೀನು ಅಗ್ಗದ ಕೋಣೆ ಬಾಡಿಗೆಗೆ ಹಿಡಿಯಬಹುದು, ಕೂದಲು ಕತ್ತರಿಸಿಕೊಳ್ಳಬಹುದು. ಆದರೆ ರಾತ್ರಿ ಗೋಡೆ ಮೇಲೆ ಜಿರಳೆ ಹರಿದರೆ ಅಪ್ಪನಿಗೆ ಒಂದು ಫೋನು ಸಾಕು, ಎಲ್ಲ ಮುಗಿಯುತ್ತದೆ. ಉಳಿದವರಿಗೆ ಅಂಥ ಫೋನು ಇಲ್ಲ. ಹಾಡು ಹೇಳುವುದು ಇಷ್ಟನ್ನೇ. ವರ್ಷಗಟ್ಟಲೆ ಸರ್ಕಾರದ ನಿರುದ್ಯೋಗ ಭತ್ಯೆಯಲ್ಲಿ ದಿನ ತಳ್ಳಿದವನ ಬಾಯಲ್ಲಿ ಬಂದದ್ದಕ್ಕೇ ಅದಕ್ಕೆ ಆ ಕಾವು ಬಂತು ಅಂತ ನಾನು ನಂಬುತ್ತೇನೆ. 19 ವರ್ಷಕ್ಕೇ ಹೆಸರು ಬಂದಿದ್ದರೆ ಅವನು ಇದನ್ನು ಬರೆಯುತ್ತಿರಲಿಲ್ಲ.

1995ರ ಮೇ ತಿಂಗಳಲ್ಲಿ ಹಾಡು ಬಂತು. ಹಾಡುಗಳ ಮಾರಾಟದ ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಒಂದೇ ತಿಂಗಳಲ್ಲಿ ಇನ್ನೊಂದು ಅವಕಾಶ. ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ಹಾಡಬೇಕಿದ್ದ ಸ್ಟೋನ್ ರೋಸಸ್ ತಂಡದ ಗಿಟಾರ್ ವಾದಕ ಸೈಕಲ್‌ನಿಂದ ಬಿದ್ದು ಕುತ್ತಿಗೆಯ ಕೆಳಗೆ ಹೆಗಲಿಗೆ ಸೇರುವ ಎಲುಬು ಮುರಿದುಕೊಂಡರು. ಅವರ ಜಾಗಕ್ಕೆ ಪಲ್ಪ್‌ಗೆ ಕರೆ ಬಂತು. ಜೂನ್ 24ರ ರಾತ್ರಿ ಕೊನೆಯ ಹಾಡಾಗಿ 'ಕಾಮನ್ ಪೀಪಲ್' ಶುರುವಾದಾಗ ಇಡೀ ಬಯಲೇ ಜೊತೆಗೆ ಹಾಡಿತು. ಅದರ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತದೆ. ಕ್ಯಾಸೆಟ್ ಕೊಟ್ಟ ಹುಡುಗನಿಗೆ ಆಗ 31 ವರ್ಷ.

ಅದೇ ವರ್ಷದ 'ಡಿಫರೆಂಟ್ ಕ್ಲಾಸ್' ಆಲ್ಬಂ ಮೊದಲ ಸ್ಥಾನಕ್ಕೇರಿತು, 1996ರಲ್ಲಿ ವರ್ಷದ ಅತ್ಯುತ್ತಮ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಗೆದ್ದಿತು. ಹೆಸರು ಬಂದಷ್ಟೇ ಬೇಗ ಅದರ ಆಯಾಸವೂ ಬಂತು. 1998ರ ಆಲ್ಬಂ ತುಂಬಾ ಕತ್ತಲೆಯದು, ಮೊದಲಿನಷ್ಟು ಮಾರಾಟವಾಗಲಿಲ್ಲ. 2001ರಲ್ಲಿ ಇನ್ನೊಂದು ಬಂತು. ಮರುವರ್ಷ ತಂಡ ನಿಂತುಹೋಯಿತು. 2011ರಲ್ಲಿ ಮತ್ತೆ ಸೇರಿ ಒಂದೆರಡು ವರ್ಷ ಹಾಡಿದರು.

2023ರ ಮಾರ್ಚ್‌ನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಸ್ಟೀವ್ ಮ್ಯಾಕಿ ತೀರಿಹೋದರು. ಉಳಿದವರು ಮತ್ತೆ ಸ್ಟುಡಿಯೋಗೆ ಹೋದರು. 24 ವರ್ಷಗಳ ನಂತರದ ಹೊಸ ಆಲ್ಬಂ 2025ರ ಜೂನ್‌ನಲ್ಲಿ ಬಂದು ಮೊದಲ ಸ್ಥಾನಕ್ಕೇರಿತು. ಅದನ್ನು ಅವರು ಅರ್ಪಿಸಿದ್ದು ಸ್ಟೀವ್‌ಗೆ.

ಅದೇ ತಿಂಗಳು ಗ್ಲಾಸ್ಟನ್‌ಬರಿಯ ಪಟ್ಟಿಯಲ್ಲಿ ಪ್ಯಾಚ್‌ವರ್ಕ್ ಅನ್ನುವ, ಯಾರೂ ಕೇಳಿರದ ತಂಡದ ಹೆಸರಿತ್ತು. ಶನಿವಾರ ಸಂಜೆ ಆ ಹೆಸರಿನಲ್ಲಿ ವೇದಿಕೆಗೆ ಬಂದದ್ದು ಪಲ್ಪ್. 30 ವರ್ಷದ ಹಿಂದಿನ ಅದೇ ವೇದಿಕೆ. ಜಾರ್ವಿಸ್‌ಗೆ 61. ಆ ಸಂಜೆಯೂ ಕೊನೆಗೆ ಉಳಿಸಿಕೊಂಡಿದ್ದು ಅದೇ ಹಾಡನ್ನು.

ನಮಸ್ಕಾರ.